ವಿನೇಶ್ ಮತ್ತೆ ಮ್ಯಾಟ್‌ಗೆ: ಆ 100 ಗ್ರಾಂ ಲೆಕ್ಕ ಇನ್ನೂ ಬಾಕಿ ಏಕೆ?

ವಿನೇಶ್ ಫೋಗಟ್ ಮತ್ತೆ ಮ್ಯಾಟ್ ಹತ್ತುವುದಾಗಿ ಹೇಳಿದ್ದಾರೆ. ಫೈನಲ್‌ಗೆ ಮುನ್ನ 100 ಗ್ರಾಂ ತೂಕ ಹೆಚ್ಚಾಗಿ ಅನರ್ಹರಾದ ಪ್ಯಾರಿಸ್ ಒಲಿಂಪಿಕ್ಸ್‌ನ ಕಹಿಯ ಬೆನ್ನಲ್ಲೇ, 2024ರ ಆಗಸ್ಟ್ 8ರಂದು ಕುಸ್ತಿಗೆ ವಿದಾಯ ಹೇಳಿದ್ದ ಅವರು 2025ರ ಡಿಸೆಂಬರ್ 12ರಂದು ಆ ನಿರ್ಧಾರವನ್ನು ಹಿಂಪಡೆದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಈಗ ಅವರ ಗುರಿ. ಈ ಹದಿನಾರು ತಿಂಗಳಲ್ಲಿ ಅವರು ಹರಿಯಾಣದ ಜುಲಾನಾ ಕ್ಷೇತ್ರದ ಶಾಸಕಿಯಾದರು, ತಾಯಿಯೂ ಆದರು.

ಸುದ್ದಿ ಬಂದದ್ದೇ ತಡ, ಹಳೆಯ ಜಗಳ ಮತ್ತೆ ಶುರುವಾಯಿತು. ಮೂರು ಕುಸ್ತಿ ಗೆದ್ದವರಿಗೆ ಕೊನೆಯ ಸ್ಥಾನ ಕೊಟ್ಟದ್ದು ಯಾವ ನ್ಯಾಯ ಎಂದು ಒಂದು ಕಡೆಯವರು ಕೇಳುತ್ತಾರೆ. ತೂಕ ಕಾಯ್ದುಕೊಳ್ಳುವುದು ಪೈಲ್ವಾನರ ಮೊದಲ ಪಾಠವಲ್ಲವೇ ಎಂಬುದು ಇನ್ನೊಂದು ಕಡೆಯವರ ಪ್ರಶ್ನೆ. ಎರಡೂ ವಾದಗಳು ಪ್ಯಾರಿಸ್‌ನ ಒಂದು ರಾತ್ರಿಯಲ್ಲೇ ಸುತ್ತುತ್ತಿವೆ. ಆ 100 ಗ್ರಾಂನ ಬೇರು ಹುಡುಕಬೇಕಾದರೆ ಕನಿಷ್ಠ ಒಂದು ವರ್ಷ ಹಿಂದಕ್ಕೆ ಹೋಗಬೇಕು. ಬೇರು ಇನ್ನೂ ಅಲ್ಲೇ ಇರುವುದರಿಂದ ವಿನೇಶ್ ಮರಳುವಿಕೆಯೂ ಅದೇ ಜಾಗದಲ್ಲಿ ಎಡವಬಹುದು.

ಎರಡು ಬೆಳಗು, ನಡುವೆ ಒಂದು ರಾತ್ರಿ

ಮೊದಲು ನಡೆದದ್ದನ್ನು ಕ್ರಮವಾಗಿ ನೋಡೋಣ. 2024ರ ಆಗಸ್ಟ್ 6ರ ಬೆಳಿಗ್ಗೆ 50 ಕೆ.ಜಿ. ವಿಭಾಗದ ತೂಕ ಪರೀಕ್ಷೆಯಲ್ಲಿ ವಿನೇಶ್ ಅವರ ತೂಕ 49.9 ಕೆ.ಜಿ. ಇತ್ತು. ಅಂದು ಅವರಿಗೆ ಎದುರಾದ ಮೊದಲ ಕುಸ್ತಿಪಟು ಜಪಾನಿನ ಯುಯಿ ಸುಸಾಕಿ: ನಾಲ್ಕು ಬಾರಿಯ ವಿಶ್ವ ಚಾಂಪಿಯನ್, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎದುರಾಳಿಗೆ ಒಂದೂ ಅಂಕ ಬಿಟ್ಟುಕೊಡದೆ ಚಿನ್ನ ಗೆದ್ದವರು, ಅಂತರರಾಷ್ಟ್ರೀಯ ಕಣದಲ್ಲಿ ಅಲ್ಲಿಯವರೆಗೆ ವಿದೇಶಿ ಎದುರಾಳಿಗೆ ಸೋತೇ ಇರದವರು. 0–2ರಿಂದ ಹಿಂದಿದ್ದ ವಿನೇಶ್ ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಅವರನ್ನು ಕೆಳಗೆ ಕೆಡವಿ 3–2ರಿಂದ ಗೆದ್ದರು. ಆಮೇಲೆ ಉಕ್ರೇನಿನ ಒಕ್ಸಾನಾ ಲಿವಾಚ್ ವಿರುದ್ಧ 7–5, ಕ್ಯೂಬಾದ ಯೂಸ್ನೆಲಿಸ್ ಗುಜ್ಮಾನ್ ವಿರುದ್ಧ 5–0. ಒಲಿಂಪಿಕ್ಸ್ ಕುಸ್ತಿಯ ಫೈನಲ್ ತಲುಪಿದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡರು.

ಮರುದಿನ ಬೆಳಿಗ್ಗೆ ಫೈನಲ್‌ಗೆ ಮುನ್ನ ಮತ್ತೊಮ್ಮೆ ತೂಕ. ಈ ಬಾರಿ 100 ಗ್ರಾಂ ಹೆಚ್ಚು. ಅನರ್ಹತೆ ಬರೀ ಫೈನಲ್‌ಗೆ ಸೀಮಿತವಾಗಲಿಲ್ಲ, ಇಡೀ ಸ್ಪರ್ಧೆಯಿಂದಲೇ ಅವರನ್ನು ತೆಗೆದು ಪಟ್ಟಿಯ ಕೊನೆಗೆ ಹಾಕಲಾಯಿತು. ಹಿಂದಿನ ಸಂಜೆ ಅವರ ಕೈಯಲ್ಲಿ 0–5ರಿಂದ ಸೋತಿದ್ದ ಗುಜ್ಮಾನ್ ಫೈನಲ್ ಆಡಿ ಬೆಳ್ಳಿ ಪಡೆದರು. ಚಿನ್ನ ಅಮೆರಿಕದ ಸಾರಾ ಹಿಲ್ಡೆಬ್ರಾಂಟ್‌ ಪಾಲಾಯಿತು. ಸುಸಾಕಿಗೆ ಕಂಚು ಸಿಕ್ಕಿತು.

ಒಂದೇ ದಿನದಲ್ಲಿ ತೂಕ ಏರಿದ್ದು ಹೇಗೆ?

ಬೆಳಿಗ್ಗೆ 49.9 ಇದ್ದ ತೂಕ ಸಂಜೆ ಸೆಮಿಫೈನಲ್ ಮುಗಿದಾಗ 52.7 ಆಗಿತ್ತು. ಜನಸಾಮಾನ್ಯರಿಗೆ ಇದೇ ದೊಡ್ಡ ಒಗಟು. ಬೆವರು ಸುರಿಸಿ ಮೂರು ಕುಸ್ತಿ ಆಡಿದವರ ತೂಕ ಇಳಿಯಬೇಕಲ್ಲವೇ?

ಇಳಿಯಬೇಕಿತ್ತು, ಆ ದೇಹ ಬೆಳಿಗ್ಗೆ ಸಹಜ ಸ್ಥಿತಿಯಲ್ಲಿ ಇದ್ದಿದ್ದರೆ. 49.9 ಎಂಬುದು ನೀರು ಹಿಂಡಿ ಬಟ್ಟೆ ಒಣಗಿಸಿದಂತೆ ಒಣಗಿಸಿ ತಂದ ತೂಕ. ಸ್ಪರ್ಧೆ ಇಲ್ಲದ ದಿನಗಳಲ್ಲಿ ಅವರ ತೂಕ 55ರಿಂದ 57 ಕೆ.ಜಿ. ಆಸುಪಾಸು ಇರುತ್ತಿತ್ತು ಎಂದು ವರದಿಗಳು ಹೇಳಿದ್ದವು. ಅಷ್ಟನ್ನು ಇಳಿಸಲು ಮೊದಲು ವಾರಗಟ್ಟಲೆ ಊಟ ಕಡಿಮೆ ಮಾಡುತ್ತಾರೆ, ಕೊನೆಯ ಒಂದೆರಡು ದಿನ ಉಪ್ಪು, ನೀರು ಎರಡನ್ನೂ ಬಿಗಿಹಿಡಿದು ಸೌನಾ ಎಂಬ ಬಿಸಿ ಕೋಣೆಯಲ್ಲಿ ಕೂತು ಬೆವರಿಳಿಸುತ್ತಾರೆ. ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಕರಗಿದಾಗ ಅದರ ಜೊತೆಗಿದ್ದ ನೀರೂ ಹೋಗುತ್ತದೆ. ಒಂದು ಗ್ರಾಂ ಗ್ಲೈಕೋಜೆನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ.

ಹಾಗೆ ಒಣಗಿದ ದೇಹಕ್ಕೆ ಅದೇ ದಿನ ಮೂರು ಕುಸ್ತಿ ಆಡುವ ಶಕ್ತಿ ಬೇಕು. ಕುಡಿಯಲೇಬೇಕು, ತಿನ್ನಲೇಬೇಕು. ಬರಗಾಲದ ನೆಲಕ್ಕೆ ಮೊದಲ ಮಳೆ ಬಿದ್ದಂತೆ ದೇಹ ಸಿಕ್ಕಿದ್ದನ್ನೆಲ್ಲ ಹೀರಿ ಒಳಗಿಟ್ಟುಕೊಳ್ಳುತ್ತದೆ, ಬಿಟ್ಟುಕೊಡಲು ಒಪ್ಪುವುದಿಲ್ಲ. ಭಾರತ ತಂಡದ ಮುಖ್ಯ ವೈದ್ಯಾಧಿಕಾರಿ ಡಾ. ದಿನ್ಶಾ ಪರ್ದಿವಾಲಾ ಅಂದು ವಿವರಿಸಿದ್ದೂ ಇದನ್ನೇ. ದಿನವಿಡೀ ಆಹಾರ, ನೀರು ಸೇರಿ ಒಂದೂವರೆ ಕಿಲೋದಷ್ಟು ಒಳಗೆ ಹೋಗುತ್ತದೆಂಬುದು ಪೋಷಕಾಂಶ ತಜ್ಞರ ಅಂದಾಜಾಗಿತ್ತು. ಏರಿದ್ದು ಅದಕ್ಕಿಂತ ಬಹಳ ಹೆಚ್ಚು.

ಆಮೇಲೆ ರಾತ್ರಿಯಿಡೀ ನಡೆದದ್ದು ಅದನ್ನು ಇಳಿಸುವ ಹೋರಾಟ. ಕೋಚ್ ವೋಲರ್ ಅಕೋಸ್ ನಂತರ ಬರೆದಂತೆ ವ್ಯಾಯಾಮ, ಸೌನಾ, ಮತ್ತೆ ವ್ಯಾಯಾಮ ಎಂದು ಬೆಳಗಿನ ಐದೂವರೆಯವರೆಗೆ ನಡೆಯಿತು. ಒಂದು ಹಂತದಲ್ಲಿ ಸೌನಾದಲ್ಲೂ ಬೆವರು ಬರಲಿಲ್ಲ, ವಿನೇಶ್ ಕುಸಿದರು, ಜೀವಕ್ಕೇ ಅಪಾಯವಾದೀತು ಎಂದು ಕೋಚ್ ಹೆದರಿದ್ದರು. ಕೂದಲನ್ನೂ ಕತ್ತರಿಸಲಾಯಿತು. ಹೀಗೆ 2.6 ಕೆ.ಜಿ. ಇಳಿಯಿತು, 100 ಗ್ರಾಂ ಉಳಿಯಿತು. ಲೋಟದ ಅರ್ಧದಷ್ಟು ನೀರಿನ ತೂಕ ಅದು.

ಎರಡನೇ ಬೆಳಗಿನ ತಕ್ಕಡಿ ಬಂದದ್ದೇಕೆ?

ಈ ಎರಡು ದಿನದ ಪದ್ಧತಿ ಕುಸ್ತಿಪಟುಗಳಿಗೆ ಕಾಟ ಕೊಡಲೆಂದು ಬಂದದ್ದಲ್ಲ, ಅವರನ್ನು ಕಾಪಾಡಲೆಂದು ಬಂದದ್ದು. ಮೊದಲು ಒಂದು ತೂಕದ ವಿಭಾಗದ ಎಲ್ಲ ಕುಸ್ತಿಗಳೂ ಒಂದೇ ದಿನ ಮುಗಿಯುತ್ತಿದ್ದವು, ತೂಕ ಪರೀಕ್ಷೆ ಹಿಂದಿನ ಸಂಜೆಯೇ ನಡೆಯುತ್ತಿತ್ತು. ತಕ್ಕಡಿಯಿಂದ ಇಳಿದವರಿಗೆ ತಿಂದು, ಕುಡಿದು ಸುಧಾರಿಸಿಕೊಳ್ಳಲು ಇಡೀ ರಾತ್ರಿ ಸಿಗುತ್ತಿತ್ತು. ಹಾಗಾಗಿ ಐದಾರು ಕಿಲೋ ಇಳಿಸಿ, ರಾತ್ರಿ ಏರಿಸಿಕೊಂಡು, ಬೆಳಿಗ್ಗೆ ತನಗಿಂತ ಹಗುರವಾದವರ ಎದುರು ನಿಲ್ಲುವುದು ಲಾಭದ ದಾರಿಯಾಗಿತ್ತು.

ಆ ಲಾಭಕ್ಕೆ ತೆರಬೇಕಾದ ಬೆಲೆ ಎಷ್ಟೆಂದು 1997ರಲ್ಲೇ ಗೊತ್ತಾಗಿತ್ತು. ಅಮೆರಿಕದಲ್ಲಿ ಸುಮಾರು ಒಂದು ತಿಂಗಳ ಅವಧಿಯಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವಾಗಲೇ ಸತ್ತರು. ಅಲ್ಲಿನ ಕಾಲೇಜು ಕ್ರೀಡೆಯ ನಿಯಮಗಳು ಬದಲಾದವು. ವಿಶ್ವ ಕುಸ್ತಿ ಸಂಸ್ಥೆಯಾದ ಯುಡಬ್ಲ್ಯುಡಬ್ಲ್ಯು 2018ರಿಂದ ಸ್ಪರ್ಧೆಯನ್ನು ಎರಡು ದಿನಕ್ಕೆ ಹರಡಿ, ಎರಡೂ ಬೆಳಿಗ್ಗೆ ತೂಕ ನೋಡುವ ಪದ್ಧತಿ ತಂದಿತು. ಎರಡು ಸಲ ತೂಗಿಸಿಕೊಳ್ಳಬೇಕು, ನಡುವೆ ಹೆಚ್ಚು ಸಮಯವಿಲ್ಲ ಎಂದಾದರೆ ಯಾರೂ ಅತಿಯಾಗಿ ಇಳಿಸಲು ಹೋಗುವುದಿಲ್ಲ, ತಮ್ಮ ಸಹಜ ತೂಕಕ್ಕೆ ಹತ್ತಿರದ ವಿಭಾಗದಲ್ಲೇ ಆಡುತ್ತಾರೆ ಎಂಬುದು ಎಣಿಕೆ.

ಎಣಿಕೆ ಕಾಗದದ ಮೇಲೆ ಸರಿಯಾಗಿದೆ. ಆದರೆ ಪ್ಯಾರಿಸ್‌ನಲ್ಲೇ ವಿನೇಶ್ ಅನರ್ಹರಾದ ಮರುದಿನವೇ, ಪುರುಷರ 57 ಕೆ.ಜಿ. ವಿಭಾಗದ ಅಮನ್ ಸೆಹ್ರಾವತ್ ಸೆಮಿಫೈನಲ್ ಬಳಿಕ 61.5 ಕೆ.ಜಿ. ತೂಗಿದರು. ಸುಮಾರು ಹತ್ತು ಗಂಟೆಯಲ್ಲಿ 4.6 ಕೆ.ಜಿ. ಇಳಿಸಿ, ಮರುದಿನ ಕಂಚು ಗೆದ್ದರು. ಎಲ್ಲರೂ ಅವರ ಛಲವನ್ನು ಕೊಂಡಾಡಿದರು. ಅದೇ ಅಮನ್ 2025ರ ಸೆಪ್ಟೆಂಬರ್‌ನಲ್ಲಿ ಜಾಗ್ರೆಬ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1.7 ಕೆ.ಜಿ. ಹೆಚ್ಚು ತೂಗಿ ಅನರ್ಹರಾದಾಗ ಭಾರತೀಯ ಕುಸ್ತಿ ಒಕ್ಕೂಟ ಒಂದು ವರ್ಷ ಅಮಾನತು ಮಾಡಿತು, ಆಮೇಲೆ ಅದನ್ನು ತೆರವುಗೊಳಿಸಿತು. ಅದೇ ಕೆಲಸ ಕೈಗೂಡಿದರೆ ಪರಾಕ್ರಮ, ಕೈಕೊಟ್ಟರೆ ಅಶಿಸ್ತು! ನಿಯಮ ಬದಲಾಗಿ ಏಳು ವರ್ಷವಾದರೂ ಅಭ್ಯಾಸ ಬದಲಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

53 ಬಿಟ್ಟು 50ಕ್ಕೆ ಇಳಿದದ್ದೇಕೆ?

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಕೀಲಿ ಇರುವುದು ಇಲ್ಲಿ. ವಿನೇಶ್ 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದು 50 ಕೆ.ಜಿ.ಯಲ್ಲಿ, ನಿಜ. ಆದರೆ 2019ರ ಮತ್ತು 2022ರ ವಿಶ್ವ ಚಾಂಪಿಯನ್‌ಷಿಪ್ ಕಂಚುಗಳು, ಟೋಕಿಯೊ ಒಲಿಂಪಿಕ್ಸ್, 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಚಿನ್ನ ಎಲ್ಲವೂ 53 ಕೆ.ಜಿ.ಯವು. ಐದು ವರ್ಷ ಮೇಲಿನ ವಿಭಾಗದಲ್ಲಿ ಬೆಳೆದ ದೇಹವನ್ನು 29ನೇ ವಯಸ್ಸಿನಲ್ಲಿ ಮತ್ತೆ ಕೆಳಗಿಳಿಸಲಾಯಿತು.

ಕಾರಣ 2023ರಲ್ಲಿದೆ. ಆ ವರ್ಷ ಜನವರಿಯಲ್ಲಿ, ಮತ್ತೆ ಏಪ್ರಿಲ್‌ನಿಂದ, ಕುಸ್ತಿ ಒಕ್ಕೂಟದ ಆಗಿನ ಅಧ್ಯಕ್ಷ ಬ್ರಿಜ್‌ಭೂಷಣ್ ಶರಣ್ ಸಿಂಗ್ ವಿರುದ್ಧ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ನಡೆದ ಜಂತರ್ ಮಂತರ್ ಧರಣಿಯಲ್ಲಿ ವಿನೇಶ್ ಮುಂಚೂಣಿಯಲ್ಲಿದ್ದರು. ಬ್ರಿಜ್‌ಭೂಷಣ್ ಆರೋಪಗಳನ್ನು ಅಲ್ಲಗಳೆದಿದ್ದಾರೆ. ತರಬೇತಿ ತಿಂಗಳುಗಟ್ಟಲೆ ನಿಂತಿತು. ಆಗಸ್ಟ್‌ನಲ್ಲಿ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಅವರು ಹಾಸಿಗೆಯಲ್ಲಿದ್ದಾಗ, ಸೆಪ್ಟೆಂಬರ್‌ನಲ್ಲಿ ಬೆಲ್‌ಗ್ರೇಡ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹತ್ತೊಂಬತ್ತರ ಹುಡುಗಿ ಅಂತಿಮ್ ಪಂಘಾಲ್ 53 ಕೆ.ಜಿ. ಕಂಚು ಗೆದ್ದು ಆ ವಿಭಾಗದ ಒಲಿಂಪಿಕ್ ಸ್ಥಾನವನ್ನು ದೇಶಕ್ಕೆ ತಂದರು.

ಒಲಿಂಪಿಕ್ಸ್‌ನಲ್ಲಿ ಒಂದು ವಿಭಾಗಕ್ಕೆ ಒಂದು ದೇಶದಿಂದ ಒಬ್ಬರೇ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರಿಗೆ ಹತ್ತು ತೂಕಗಳಿವೆ: 50, 53, 55, 57, 59, 62, 65, 68, 72, 76. ಪ್ಯಾರಿಸ್‌ನಲ್ಲಿ ಇದ್ದದ್ದು ಆರೇ: 50, 53, 57, 62, 68, 76. ವಿನೇಶ್‌ ದೇಹಕ್ಕೆ ಹೊಂದುವ 55 ಅಲ್ಲಿ ಇಲ್ಲವೇ ಇಲ್ಲ. 57ಕ್ಕೆ ಏರಿದರೆ ಆರೇಳು ಕಿಲೋ ಇಳಿಸಿ ಬರುವ ಬಲಾಢ್ಯರ ಎದುರು ನಿಲ್ಲಬೇಕು, ಅಲ್ಲಿ ಅನ್ಶು ಮಲಿಕ್ ಕೂಡ ಇದ್ದರು. ಉಳಿದದ್ದು 50.

53ರ ಆಸೆಯನ್ನು ಅವರು ಪೂರ್ತಿ ಬಿಟ್ಟಿರಲೂ ಇಲ್ಲ. 2024ರ ಮಾರ್ಚ್‌ನಲ್ಲಿ ಪಟಿಯಾಲದ ಆಯ್ಕೆ ಟ್ರಯಲ್ಸ್‌ನಲ್ಲಿ ಒಂದೇ ದಿನ 50 ಮತ್ತು 53 ಎರಡರಲ್ಲೂ ಸ್ಪರ್ಧಿಸಿದರು. 53ರಲ್ಲಿ ಸೋತು, 50ರಲ್ಲಿ ಗೆದ್ದರು. ಏಪ್ರಿಲ್‌ನಲ್ಲಿ ಬಿಷ್ಕೆಕ್‌ನಲ್ಲಿ 50ರ ಒಲಿಂಪಿಕ್ ಸ್ಥಾನ ಪಡೆದರು. ಕೊನೆಗೆ ಒಕ್ಕೂಟ ಅಂತಿಮ ಟ್ರಯಲ್ಸ್ ನಡೆಸದೆ, ಸ್ಥಾನ ಗಳಿಸಿದವರನ್ನೇ ಕಳುಹಿಸಿತು.

ಇದನ್ನು ಒಬ್ಬರ ಮೇಲಿನ ಪಿತೂರಿಯ ಕತೆಯಾಗಿ ಓದುವವರಿದ್ದಾರೆ. ಆದರೆ ಅಂತಿಮ್‌ಗೂ ಒಂದು ದೂರು ಇತ್ತು. 2023ರ ಏಷ್ಯನ್ ಗೇಮ್ಸ್‌ಗೆ ವಿನೇಶ್‌ರನ್ನು ಟ್ರಯಲ್ಸ್ ಇಲ್ಲದೆ ನೇರವಾಗಿ ಆರಿಸಿದಾಗ ಆಕೆ ದೆಹಲಿ ಹೈಕೋರ್ಟ್‌ ಮೆಟ್ಟಿಲೇರಿ ಸೋತಿದ್ದರು. ವಿನೇಶ್ ಗಾಯಗೊಂಡಾಗಲೇ ಆಕೆಗೆ ಅವಕಾಶ ಸಿಕ್ಕಿದ್ದು. ಇಬ್ಬರಿಗೂ ಸ್ಪಷ್ಟ ನಿಯಮ ಎಂಬುದು ಇರಲಿಲ್ಲ. ಇದ್ದ ಒಂದು ಜಾಗಕ್ಕೆ ಇಬ್ಬರು ಯೋಗ್ಯರು.

ಬೆಳ್ಳಿಯನ್ನಾದರೂ ಕೊಡಬಹುದಿತ್ತಲ್ಲ?

ಇದೇ ಪ್ರಶ್ನೆಯನ್ನು ವಿನೇಶ್ ಕ್ರೀಡಾ ನ್ಯಾಯಮಂಡಳಿ ಸಿಎಎಸ್ ಮುಂದಿಟ್ಟರು. ಮೊದಲ ದಿನ ನಿಗದಿತ ತೂಕದಲ್ಲೇ ಆಡಿ ಗೆದ್ದಿದ್ದೇನೆ, ಆ ದಿನದ ಫಲಿತಾಂಶ ಉಳಿಯಬೇಕು, ಜಂಟಿ ಬೆಳ್ಳಿ ಕೊಡಬೇಕು ಎಂಬುದು ಕೋರಿಕೆ. ಪಂದ್ಯಗಳ ನಡುವಿನ ಸಮಯ, ಕ್ರೀಡಾಗ್ರಾಮಕ್ಕೂ ಕಣಕ್ಕೂ ಇದ್ದ ದೂರ, ಋತುಚಕ್ರದ ಹಂತದಿಂದ ದೇಹದಲ್ಲಿ ನೀರು ಉಳಿಯುವುದು ಇವೂ ವಾದದಲ್ಲಿ ಬಂದವು. ಕೊನೆಯದು ಸಬೂಬು ಎಂದು ನಕ್ಕವರಿದ್ದಾರೆ. ಮುಟ್ಟಿಗೆ ಮುನ್ನಿನ ದಿನಗಳಲ್ಲಿ ಮೈ ಭಾರವಾಗುವುದು ಯಾವ ಮನೆಯ ಹೆಣ್ಣುಮಕ್ಕಳಿಗೂ ಹೊಸ ವಿಷಯವಲ್ಲ. 100 ಗ್ರಾಂ ಪ್ರಶ್ನೆಯಾದಾಗ ಅದು ಸಣ್ಣ ಮಾತೂ ಅಲ್ಲ.

ಆಗಸ್ಟ್ 14ರಂದು ಏಕಸದಸ್ಯ ಪೀಠದ ಅನಾಬೆಲ್ ಬೆನೆಟ್ ಅರ್ಜಿ ವಜಾ ಮಾಡಿದರು. ತರ್ಕ ಸರಳ: ನಿಯಮ ಎಲ್ಲರಿಗೂ ಒಂದೇ, ಅದರಲ್ಲಿ ರಿಯಾಯಿತಿಗೆ ಅವಕಾಶವಿಲ್ಲ, 50 ಕೆ.ಜಿ.ಯನ್ನು ಕ್ರೀಡಾಪಟು ತಾವಾಗಿ ಆರಿಸಿಕೊಂಡರು. ಎರಡನೇ ದಿನದ ತೂಕ ತಪ್ಪಿದರೆ ಇಡೀ ಸ್ಪರ್ಧೆಯಿಂದ ಹೊರಗೆ ಎಂದು ನಿಯಮವೇ ಹೇಳುವಾಗ ಫಲಿತಾಂಶದ ಅರ್ಧವನ್ನು ಉಳಿಸಲು ದಾರಿಯಿಲ್ಲ. ಆದರೆ ಅದೇ ತೀರ್ಪಿನಲ್ಲಿ, ವಿನೇಶ್ ಯಾವುದೇ ಅಕ್ರಮ ಎಸಗಿಲ್ಲ, ಪರಿಣಾಮ ಮಾತ್ರ ಅತಿ ಕಠೋರ ಎಂಬ ಅಭಿಪ್ರಾಯವೂ ದಾಖಲಾಗಿದೆ. ನ್ಯಾಯಾಧೀಶರು ನಿಯಮವನ್ನು ಜಾರಿ ಮಾಡಬಲ್ಲರು, ಹೊಸದಾಗಿ ಬರೆಯಲಾರರು.

ನಿಯಮದ ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಮೊದಲ ದಿನದ ಕುಸ್ತಿಯಲ್ಲೇ ಗಾಯಗೊಂಡವರು ಎರಡನೇ ದಿನ ತೂಕಕ್ಕೆ ಹಾಜರಾಗಬೇಕಿಲ್ಲ, ಅವರ ಫಲಿತಾಂಶ ಉಳಿಯುತ್ತದೆ. ಸೆಮಿಫೈನಲ್‌ನಲ್ಲಿ ಗಾಯವಾಗಿದ್ದರೆ ವಿನೇಶ್‌ಗೆ ಬೆಳ್ಳಿ ಸಿಗುತ್ತಿತ್ತು. ಅಂದರೆ ಮೊದಲ ದಿನದ ಗೆಲುವನ್ನು ಪ್ರತ್ಯೇಕವಾಗಿ ಉಳಿಸುವುದು ಅಸಾಧ್ಯವೇನಲ್ಲ, ನಿಯಮ ರಚಿಸಿದವರೇ ಒಂದು ಕಡೆ ಅದನ್ನು ಮಾಡಿದ್ದಾರೆ.

ಸಡಿಲಿಸಿದರೆ ಏನಾಗುತ್ತದೆ?

ಅಮೆರಿಕದ ಒಲಿಂಪಿಕ್ ಚಾಂಪಿಯನ್ ಜೋರ್ಡನ್ ಬರೋಸ್ ಆಗಲೇ ಕೆಲವು ಸಲಹೆ ಮುಂದಿಟ್ಟಿದ್ದರು. ಎರಡನೇ ದಿನ ಒಂದು ಕಿಲೋ ರಿಯಾಯಿತಿ ಕೊಡಿ, ಸೆಮಿಫೈನಲ್ ಗೆದ್ದವರ ಪದಕ ಭದ್ರವಾಗಿರಲಿ, ತೂಕ ತಪ್ಪಿದರೆ ಚಿನ್ನ ಮಾತ್ರ ಕೈತಪ್ಪಲಿ ಎಂದು. ಎದುರು ವಾದವನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ (ಐಒಸಿ) ಆಗಿನ ಅಧ್ಯಕ್ಷ ಥಾಮಸ್ ಬಾಕ್ ಹೇಳಿದರು: 100 ಗ್ರಾಂ ಬಿಟ್ಟರೆ 102 ಗ್ರಾಂ ಹೆಚ್ಚಾದವರಿಗೆ ಏನು ಹೇಳುವುದು?

ಬಾಕ್ ಮಾತಿನಲ್ಲಿ ಹುರುಳಿದೆ. ಒಂದು ಕಿಲೋ ರಿಯಾಯಿತಿ ಎಂದು ಗೊತ್ತಾದ ಕ್ಷಣದಿಂದ ಎಲ್ಲ ತಂಡಗಳೂ 51ನ್ನೇ ಗುರಿಯಾಗಿಟ್ಟುಕೊಂಡು ಲೆಕ್ಕ ಹಾಕುತ್ತವೆ. ಆಗ ಯಾರೋ 51.1 ತೂಗುತ್ತಾರೆ. ಬರೋಸ್‌ರ ಎರಡನೇ ಸಲಹೆ ಅಷ್ಟು ಸುಲಭವಾಗಿ ಬಿದ್ದುಹೋಗುವುದಿಲ್ಲ. ಅದು ಗೆರೆಯನ್ನು ಸರಿಸುವುದಿಲ್ಲ, ಗೆರೆ ದಾಟಿದ್ದಕ್ಕೆ ಶಿಕ್ಷೆ ಎಷ್ಟು ಎಂಬುದನ್ನಷ್ಟೇ ಬದಲಿಸುತ್ತದೆ. ಆದರೆ ಅದಕ್ಕೂ ಒಂದು ಅಡ್ಡಪರಿಣಾಮ ಇದೆ: ಬೆಳ್ಳಿ ಖಾತ್ರಿ ಎಂದಾದರೆ ಇನ್ನೂ ಕೆಳಗಿನ ವಿಭಾಗಕ್ಕೆ ಇಳಿದು, ಒಂದು ದಿನ ಮಾತ್ರ ತೂಕ ಹಿಡಿದರೆ ಸಾಕು ಎಂದು ಪಣ ಕಟ್ಟುವವರು ಹುಟ್ಟಿಕೊಳ್ಳುತ್ತಾರೆ.

ಮೈಸೂರು ದಸರಾ ಕುಸ್ತಿಗೆ ಮುನ್ನ ಜೋಡಿ ಕಟ್ಟುವ ಪದ್ಧತಿ ನಮ್ಮಲ್ಲಿದೆಯಲ್ಲ, ಅದರ ಉದ್ದೇಶವೂ ಸರಿಸಮಾನರನ್ನು ಎದುರುಬದುರು ನಿಲ್ಲಿಸುವುದೇ. ತೂಕದ ವಿಭಾಗಗಳೂ ಅದಕ್ಕೇ ಹುಟ್ಟಿದವು. ಈಗ ತಕ್ಕಡಿಯ ಮೇಲೆ ಸಮಾನರಾದವರು ಮ್ಯಾಟ್ ಮೇಲೆ ಸಮಾನರಲ್ಲ. ಆ ಅಂತರಕ್ಕೆ ಮದ್ದು ಎಂದರೆ ವಿಭಾಗಗಳನ್ನು ಹೆಚ್ಚಿಸುವುದು. ಅದಕ್ಕೆ ಒಲಿಂಪಿಕ್ಸ್‌ನಲ್ಲಿ ಇನ್ನಷ್ಟು ಕ್ರೀಡಾಪಟುಗಳಿಗೆ, ಇನ್ನಷ್ಟು ಪದಕಗಳಿಗೆ ಜಾಗ ಬೇಕು. ಇದ್ದಷ್ಟು ಜಾಗದಲ್ಲೇ ಹೊಸ ಆಟಗಳನ್ನೂ ಸೇರಿಸುತ್ತಿರುವ ಐಒಸಿ ಅದಕ್ಕೆ ಸುಲಭವಾಗಿ ಒಪ್ಪುವ ಲಕ್ಷಣವಿಲ್ಲ.

ಹೊಣೆಯ ಪ್ರಶ್ನೆಯೂ ಉಳಿದಿದೆ. ಕುಸ್ತಿ, ಬಾಕ್ಸಿಂಗ್‌ನಂಥ ಆಟಗಳಲ್ಲಿ ತೂಕ ನೋಡಿಕೊಳ್ಳುವುದು ಕ್ರೀಡಾಪಟು ಮತ್ತು ಕೋಚ್ ಕೆಲಸ, ಒಲಿಂಪಿಕ್ ಸಂಸ್ಥೆಯ ವೈದ್ಯರದ್ದಲ್ಲ ಎಂದು ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಪಿ.ಟಿ. ಉಷಾ ಹೇಳಿದ್ದರು. ಔಪಚಾರಿಕವಾಗಿ ಇದು ಸರಿ. ಆದರೆ ಯಾವ ವಿಭಾಗ ಎಂಬ ಆಯ್ಕೆಯನ್ನು ಒಕ್ಕೂಟದ ಆಯ್ಕೆ ನೀತಿ ನಿರ್ಧರಿಸಿ, ಅದರ ಭಾರವನ್ನು ಮಾತ್ರ ಆಟಗಾರ್ತಿಯ ಹೆಗಲಿಗೆ ಹಾಕಿದರೆ ಲೆಕ್ಕ ಅರ್ಧವೇ ಹೇಳಿದಂತೆ.

ಮರಳಿ ಬರುವ ದಾರಿ

ಈಗಿನ ಸುದ್ದಿಗೆ ಬರೋಣ. ಉದ್ದೀಪನ ತಡೆ ಸಂಹಿತೆಯಂತೆ, ಪರೀಕ್ಷಾ ಪಟ್ಟಿಯಲ್ಲಿದ್ದು ನಿವೃತ್ತರಾದವರು ಮರಳಬೇಕಾದರೆ ಆರು ತಿಂಗಳ ಲಿಖಿತ ಮುನ್ಸೂಚನೆ ಕೊಟ್ಟು, ಆ ಅವಧಿಯಲ್ಲಿ ಪರೀಕ್ಷೆಗೆ ಲಭ್ಯರಿರಬೇಕು. ಘೋಷಣೆ ಮಾಡಿದ ಮರುದಿನವೇ ಕಣಕ್ಕಿಳಿಯಲು ಆಗುವುದಿಲ್ಲ.

ವಯಸ್ಸು ಇನ್ನೊಂದು. ಲಾಸ್ ಏಂಜಲೀಸ್ ಕ್ರೀಡಾಕೂಟ 2028ರ ಜುಲೈನಲ್ಲಿ. ಆಗ ವಿನೇಶ್‌ಗೆ 34 ತುಂಬಲು ಒಂದು ತಿಂಗಳಿರುತ್ತದೆ. ಹೆರಿಗೆಯಾದದ್ದು 2025ರ ಜುಲೈನಲ್ಲಿ. ತಾಯಂದಿರು ಮರಳಿ ಗೆಲ್ಲಲಾರರು ಎಂಬ ಮಾತನ್ನು ಬಾಕ್ಸರ್ ಮೇರಿ ಕೋಮ್ ಯಾವತ್ತೋ ಸುಳ್ಳು ಮಾಡಿದ್ದಾರೆ. ಅವಳಿ ಮಕ್ಕಳಾದ ಮೇಲೆ 2008ರಲ್ಲಿ, 2010ರಲ್ಲಿ ವಿಶ್ವ ಪ್ರಶಸ್ತಿ, 2012ರಲ್ಲಿ ಲಂಡನ್ ಒಲಿಂಪಿಕ್ಸ್ ಕಂಚು. ಆದರೆ ಮೇರಿ ಉದಾಹರಣೆ ಹೇಳುವವರು ಒಂದು ವಿವರ ಮರೆಯುತ್ತಾರೆ. ಲಂಡನ್‌ನಲ್ಲಿ ಮಹಿಳಾ ಬಾಕ್ಸಿಂಗ್‌ಗೆ ಇದ್ದದ್ದು ಮೂರೇ ವಿಭಾಗ, ಅತಿ ಕಡಿಮೆ ಎಂದರೆ 51 ಕೆ.ಜಿ. ಮೇರಿ ತಮ್ಮ ಹಳೆಯ ತೂಕ ಬಿಟ್ಟು ಮೇಲಕ್ಕೆ ಹೋಗಬೇಕಾಯಿತು. ವಿಭಾಗಗಳ ಕೊರತೆ ಅವರನ್ನು ಮೇಲಕ್ಕೆ ತಳ್ಳಿತು, ವಿನೇಶ್‌ರನ್ನು ಕೆಳಕ್ಕೆ. ಮೇಲಕ್ಕೆ ಹೋದವರು ದೊಡ್ಡವರ ಪೆಟ್ಟು ತಿಂದರೂ ಹೊಟ್ಟೆತುಂಬ ಉಂಡು ಆಡಬಹುದು.

ಒಲಿಂಪಿಕ್ ವಿಭಾಗಗಳು ಇದೇ ರೀತಿ ಉಳಿದರೆ ವಿನೇಶ್ ಮುಂದಿರುವುದು ಅವೇ ಮೂರು ಬಾಗಿಲು. 53ರಲ್ಲಿ ಅಂತಿಮ್ ಇದ್ದಾರೆ, 2025ರ ಜಾಗ್ರೆಬ್‌ನಲ್ಲಿ ಮತ್ತೊಂದು ವಿಶ್ವ ಕಂಚು ಗೆದ್ದು ಇನ್ನೂ ಗಟ್ಟಿಯಾಗಿದ್ದಾರೆ. 57ರಲ್ಲಿ ಎತ್ತರ, ತೋಳಿನ ಬಲ ಎರಡರಲ್ಲೂ ದೊಡ್ಡವರಾದ ಎದುರಾಳಿಗಳು ಸಿಗುತ್ತಾರೆ. 50ಕ್ಕೆ ಇಳಿಯಬೇಕಾದರೆ ಮೂವತ್ತಮೂರರ ದೇಹವನ್ನು ಪ್ಯಾರಿಸ್‌ಗಿಂತ ಹೆಚ್ಚು ಹಿಂಡಬೇಕು, ಅದೂ ತೂಕ ತಪ್ಪಿದವರಿಗೆ ಮನೆಯಲ್ಲೂ ಅಮಾನತಿನ ಬೆದರಿಕೆ ಇರುವ ಕಾಲದಲ್ಲಿ.

ಹೀಗಾಗಿ ಅವರು ಮರಳಿದ್ದು ಸರಿಯೇ ತಪ್ಪೇ ಎಂಬ ಚರ್ಚೆಗಿಂತ, ಅವರು ಸ್ಪರ್ಧಿಸುವ ಮೊದಲ ಟ್ರಯಲ್ಸ್‌ನ ಪಟ್ಟಿಯನ್ನು ನೋಡುವುದು ಉಪಯುಕ್ತ. ಅಲ್ಲಿ ವಿನೇಶ್ ಎಂಬ ಹೆಸರಿನ ಮುಂದೆ ಒಂದು ಅಂಕಿ ಇರುತ್ತದೆ. 53 ಎಂದಿದ್ದರೆ ಎರಡು ವರ್ಷ ಹಿಂದೆ ಆಗಬೇಕಿದ್ದ ಕುಸ್ತಿ ಕೊನೆಗೂ ಮ್ಯಾಟ್ ಮೇಲೆ ಆಗುತ್ತದೆ. 50 ಎಂದಿದ್ದರೆ ಸೌನಾದ ಬಾಗಿಲು ಮತ್ತೆ ತೆರೆದಿದೆ ಎಂದರ್ಥ.